ರಕ್ಷಿಸಿ ತಂದ ಆಕ್ಸೊಲಾಟಲ್ ಚೇತರಿಸಿಕೊಂಡು ಆಹಾರ ತೆಗೆದುಕೊಳ್ಳುವವರೆಗೆ: ಹಂತ ಹಂತದ ಮಾರ್ಗದರ್ಶಿ

ಕೊಳಕು ತೊಟ್ಟಿಯಿಂದಲೋ, ನೋಡಿಕೊಳ್ಳಲಾಗದವರ ಮನೆಯಿಂದಲೋ ಬಿಡಿಸಿ ತಂದ ಆಕ್ಸೊಲಾಟಲ್ (ಬದುಕಿಡೀ ನೀರಿನಲ್ಲೇ ಇರುವ, ಸಾಲಮ್ಯಾಂಡರ್ ಜಾತಿಯ ಉಭಯಚರ) ಏನನ್ನೂ ತಿನ್ನುತ್ತಿಲ್ಲ ಎನ್ನುವವರು ಬಹುಮಟ್ಟಿಗೆ ಒಂದೇ ದಾರಿಯಲ್ಲಿ ನಡೆದಿರುತ್ತಾರೆ. ತಂದ ದಿನವೇ ಹೊಸ ತೊಟ್ಟಿಗೆ ನೀರು ತುಂಬಿ ಪ್ರಾಣಿಯನ್ನು ಬಿಡುತ್ತಾರೆ. ಸಂಜೆಗೆ ಹುಳು ಹಾಕುತ್ತಾರೆ. ಅದು ಮುಟ್ಟದಿದ್ದರೆ ಮರುದಿನ ಬೇರೆ ಆಹಾರ, ಅದರ ಮರುದಿನ ಇನ್ನೊಂದು. ತಿನ್ನದೆ ಉಳಿದದ್ದು ತಳದಲ್ಲಿ ಕೊಳೆತು ನೀರನ್ನು ಕೆಡಿಸುತ್ತದೆ, ಕೆಟ್ಟ ನೀರಿನಲ್ಲಿ ಇದ್ದಷ್ಟು ಹಸಿವೂ ಅಡಗಿಹೋಗುತ್ತದೆ. ಆದ್ದರಿಂದ ಈ ಕೆಲಸದಲ್ಲಿ ಯಾವ ಆಹಾರ ಕೊಡಬೇಕೆಂಬುದಕ್ಕಿಂತ ಯಾವುದನ್ನು ಯಾವಾಗ ಮಾಡಬೇಕೆಂಬುದು ಮುಖ್ಯ: ಮೊದಲು ನೀರು ಮತ್ತು ತಾಪಮಾನ, ನಂತರ ವಿಶ್ರಾಂತಿ, ಆಮೇಲಷ್ಟೇ ಆಹಾರ.

ಮೈಕಟ್ಟು ಒಂದಿಷ್ಟು ಉಳಿದಿರುವ ಬೆಳೆದ ಆಕ್ಸೊಲಾಟಲ್ ತಂಪು ನೀರಿನಲ್ಲಿ ಎರಡು ವಾರ ಉಪವಾಸವಿದ್ದರೂ ಸಾಮಾನ್ಯವಾಗಿ ಅಪಾಯಕ್ಕೆ ಬೀಳುವುದಿಲ್ಲ. ಈ ಅವಕಾಶ ಮರಿಗಳಿಗೂ ಎಲುಬು ಕಾಣುವಷ್ಟು ಸೊರಗಿದ ಪ್ರಾಣಿಗಳಿಗೂ ಇಲ್ಲ. ಅಂಥವುಗಳ ವಿಷಯದಲ್ಲಿ ಉಭಯಚರಗಳ ಚಿಕಿತ್ಸೆ ತಿಳಿದಿರುವ ಪಶುವೈದ್ಯರನ್ನು ಮೊದಲ ದಿನವೇ ಸಂಪರ್ಕಿಸಬೇಕು.

ಹಂತ 1: ಪ್ರಾಣಿಯನ್ನು ತರುವ ಮೊದಲೇ ಸಿದ್ಧವಾಗಿರಬೇಕಾದ ಸಾಮಗ್ರಿ

ಒಂದೇ ಅಳತೆಯ ಎರಡು ಪ್ಲಾಸ್ಟಿಕ್ ಟಬ್‌ಗಳು ಬೇಕು. ಪ್ರಾಣಿ ಮೈ ಚಾಚಿ ಮಲಗಿ, ಸುಲಭವಾಗಿ ತಿರುಗುವಷ್ಟು ಅಗಲವಿದ್ದು, ಸೋಪು ತಾಗದ, ಆಹಾರ ಪದಾರ್ಥ ಇಡಲು ಯೋಗ್ಯವಾದ ಪ್ಲಾಸ್ಟಿಕ್ಕಿನದಾಗಿರಬೇಕು. ಆಕ್ಸೊಲಾಟಲ್ ಹಾರಿ ಹೊರಬೀಳಬಲ್ಲದು, ಹಾಗಾಗಿ ಗಾಳಿಗೆ ರಂಧ್ರ ಮಾಡಿದ ಮುಚ್ಚಳವೂ ಇರಲಿ. ತಳದಲ್ಲಿ ಕಲ್ಲು, ಮರಳು ಯಾವುದೂ ಬೇಡ. ಅಡಗಿಕೊಳ್ಳಲು ಅಂಚು ನಯವಾಗಿರುವ ಅಗಲ ಕೊಳವೆಯ ತುಂಡೊಂದು ಸಾಕು.

ಇವುಗಳ ಜೊತೆಗೆ ಥರ್ಮಾಮೀಟರ್, ಗ್ರಾಂ ತೋರಿಸುವ ತಕ್ಕಡಿ, ಕಸ ಹೀರಿ ತೆಗೆಯಲು ರಬ್ಬರ್ ಗುಂಡಿನ ಉದ್ದ ಪಿಪೆಟ್, ತುದಿ ಮೊಂಡಾದ ಪ್ಲಾಸ್ಟಿಕ್ ಅಥವಾ ಬಿದಿರಿನ ಚಿಮಟ, ಒಂದು ನೋಟ್‌ಬುಕ್ ಬೇಕಾಗುತ್ತವೆ. ಅಮೋನಿಯ, ನೈಟ್ರೈಟ್, ನೈಟ್ರೇಟ್ ಮತ್ತು ಪಿಎಚ್ (ನೀರು ಎಷ್ಟು ಆಮ್ಲೀಯ ಎಂಬುದರ ಸೂಚಕ) ಅಳೆಯುವ ಕಿಟ್ ಕೊಳ್ಳುವಾಗ ಕಾಗದದ ಪಟ್ಟಿಯ ಬದಲು ಹನಿ ಹಾಕಿ ನೋಡುವಂಥದ್ದನ್ನೇ ಆರಿಸಿಕೊಳ್ಳಿ. ಪಟ್ಟಿಗಳು ಅಗ್ಗವಾದರೂ ಅವುಗಳ ಅಳತೆಯನ್ನು ನಂಬಿ ನಿರ್ಧಾರ ಕೈಗೊಳ್ಳುವುದು ಕಷ್ಟ, ಮತ್ತು ಹಲವು ಪಟ್ಟಿಗಳಲ್ಲಿ ಅಮೋನಿಯದ ಪರೀಕ್ಷೆಯೇ ಇರುವುದಿಲ್ಲ.

ನಲ್ಲಿ ನೀರು ಬಳಸುವುದಾದರೆ ಕ್ಲೋರಿನ್ ನಿವಾರಕ ದ್ರಾವಣ ಅನಿವಾರ್ಯ. ನೀರನ್ನು ರಾತ್ರಿಯಿಡೀ ತೆರೆದಿಟ್ಟರೆ ಸಾಕೆಂಬ ನಂಬಿಕೆ ಅರ್ಧ ಮಾತ್ರ ಸರಿ: ಕ್ಲೋರಿನ್ ಹಾರಿಹೋಗಬಹುದು, ಆದರೆ ಅನೇಕ ಊರುಗಳ ನೀರಿಗೆ ಬೆರೆಸುವ ಕ್ಲೋರಮೈನ್ ಹಾಗೆ ಹೋಗುವುದಿಲ್ಲ. ಲೋಳೆಸರದ ರಸವನ್ನೋ ಅಯೋಡಿನ್ನನ್ನೋ ಸೇರಿಸಿದ ದ್ರಾವಣಗಳನ್ನು ಬಿಟ್ಟುಬಿಡಿ. ಬಟ್ಟಿ ಇಳಿಸಿದ ನೀರನ್ನೂ ಆರ್‌ಒ ಯಂತ್ರದ ನೀರನ್ನೂ ನೇರವಾಗಿ ಬಳಸಬಾರದು. ಅವುಗಳಲ್ಲಿ ಈ ಪ್ರಾಣಿಗೆ ಬೇಕಾದ ಖನಿಜಗಳಿರುವುದಿಲ್ಲ.

ತೊಟ್ಟಿ ಬಿಟ್ಟು ಟಬ್ ಏಕೆ? ಹೊಸ ತೊಟ್ಟಿಯ ಫಿಲ್ಟರ್‌ನಲ್ಲಿ ಅಮೋನಿಯವನ್ನು ನೈಟ್ರೈಟ್ ಆಗಿಯೂ ಅದನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಾ ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 8 ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಆ ತೊಟ್ಟಿ ಎಷ್ಟೇ ತಿಳಿಯಾಗಿ ಕಂಡರೂ ಪ್ರಾಣಿಯ ವಿಸರ್ಜನೆಯೇ ಅದಕ್ಕೆ ವಿಷವಾಗುತ್ತದೆ. ಟಬ್ಬಿನ ನೀರನ್ನಾದರೋ ದಿನವೂ ಪೂರ್ತಿ ಬದಲಿಸಬಹುದು.

ಹಂತ 2: ಸ್ಥಳಾಂತರ

ಹಿಂದಿನವರಿಂದ ಮೂರು ವಿಷಯಗಳನ್ನು ಕೇಳಿ ಬರೆದುಕೊಳ್ಳಿ: ಅದು ಕೊನೆಯ ಬಾರಿ ತಿಂದದ್ದು ಯಾವಾಗ, ಏನನ್ನು ತಿನ್ನುತ್ತಿತ್ತು, ತೊಟ್ಟಿಯ ತಳದಲ್ಲಿ ಏನಿತ್ತು. ಮೂರನೆಯ ಪ್ರಶ್ನೆಯನ್ನು ಬಹಳ ಮಂದಿ ಮರೆಯುತ್ತಾರೆ. ತಳದಲ್ಲಿ ಸಣ್ಣ ಹರಳುಗಲ್ಲು ಇದ್ದಿದ್ದರೆ ಅದರಲ್ಲಿ ಕೆಲವನ್ನು ಪ್ರಾಣಿ ನುಂಗಿರುವ ಸಂಭವ ಹೆಚ್ಚು, ಮತ್ತು ಅದು ಮುಂದೆ ತಿನ್ನದಿರುವುದಕ್ಕೆ ಅದೇ ಕಾರಣವಾಗಿರಬಹುದು.

ಬಲೆಯಿಂದ ಹಿಡಿಯಬೇಡಿ. ಬಲೆಯ ಎಳೆಗಳಿಗೆ ಬೆರಳು ಮತ್ತು ತಲೆಯ ಎರಡೂ ಬದಿಗೆ ಗರಿಯಂತೆ ಚಾಚಿಕೊಂಡಿರುವ ಕಿವಿರಿನ ಕುಚ್ಚು ಸಿಕ್ಕಿಕೊಂಡು ಹರಿಯುತ್ತವೆ. ಡಬ್ಬಿಯೊಂದನ್ನು ನೀರಿನಲ್ಲಿ ಮುಳುಗಿಸಿ, ಪ್ರಾಣಿಯನ್ನು ನಿಧಾನವಾಗಿ ಅದರೊಳಗೆ ಸರಿಸಿ, ನೀರಿನ ಸಮೇತ ಎತ್ತಿ. ಪ್ರಯಾಣದಲ್ಲಿ ಡಬ್ಬಿ ಕತ್ತಲಲ್ಲಿ, ತಂಪಾಗಿ, ಅಲುಗಾಡದಂತೆ ಇರಲಿ.

ಮನೆಗೆ ತಲುಪಿದ ಮೇಲೆ ನಡೆಯುವ ತಪ್ಪು ಸ್ವಲ್ಪ ಸೂಕ್ಷ್ಮವಾದದ್ದು. ಮೀನು ಸಾಕಿ ಅಭ್ಯಾಸವಿರುವವರು ಹಳೆಯ ನೀರಿಗೆ ಹೊಸ ನೀರನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ ಹೊಂದಿಸುತ್ತಾರೆ. ಆದರೆ ಬಹುಕಾಲ ಬದಲಾಯಿಸದ ನೀರಿನಲ್ಲಿ ಪಿಎಚ್ ಕುಸಿದಿರುತ್ತದೆ, ಅಮೋನಿಯದ ಬಹುಪಾಲು ಅಷ್ಟೇನೂ ವಿಷಕಾರಿಯಲ್ಲದ ಅಮೋನಿಯಂ ರೂಪದಲ್ಲಿರುತ್ತದೆ. ಅದಕ್ಕೆ ಪಿಎಚ್ ಹೆಚ್ಚಿರುವ ಶುದ್ಧ ನೀರು ಬಿದ್ದೊಡನೆ ಆ ಅಮೋನಿಯಂನ ಒಂದು ಭಾಗ ವಿಷಕಾರಿ ಅಮೋನಿಯವಾಗಿ ಬದಲಾಗುತ್ತದೆ, ಪ್ರಾಣಿ ಅದರ ನಡುವೆಯೇ ಕುಳಿತಿರುತ್ತದೆ. ಹೀಗಾಗಿ ಹಳೆಯ ನೀರನ್ನು ಮೊದಲು ಪರೀಕ್ಷಿಸಿ. ಅಮೋನಿಯ ಕಂಡುಬಂದರೆ ನೀರು ಬೆರೆಸಬೇಡಿ. ಮುಚ್ಚಿದ ಡಬ್ಬಿಯನ್ನು ಟಬ್ಬಿನ ನೀರಿನಲ್ಲಿ ತೇಲಿಬಿಟ್ಟು, ತಾಪಮಾನ ಸಮವಾದ ನಂತರ ಪ್ರಾಣಿಯನ್ನು ಒದ್ದೆ ಕೈಗಳಿಂದ ಮೆಲ್ಲಗೆ ಟಬ್ಬಿಗೆ ಸೇರಿಸಿ, ಹಳೆಯ ನೀರನ್ನು ಚೆಲ್ಲಿಬಿಡಿ. ಹಳೆಯ ನೀರಿನಲ್ಲಿ ಅಮೋನಿಯ ಇಲ್ಲವೆಂದು ಖಚಿತವಾದರೆ ಮಾತ್ರ ನಿಧಾನವಾಗಿ ಬೆರೆಸುವ ಕ್ರಮ ಒಳ್ಳೆಯದು.

ಹಳೆಯ ನೀರು ಬಹಳ ಬೆಚ್ಚಗಿದ್ದರೆ ಮೊದಲ ಟಬ್ಬನ್ನು ಆ ತಾಪಮಾನಕ್ಕೆ ಹತ್ತಿರದಲ್ಲೇ ಇಟ್ಟು, ಅಲ್ಲಿಂದ ಹಲವು ಗಂಟೆಗಳ ಅವಧಿಯಲ್ಲಿ ಇಳಿಸುತ್ತ ಬರಬೇಕು.

ಹಂತ 3: ದೇಹದ ತಪಾಸಣೆ

ಟಬ್ಬಿಗೆ ಬಿಟ್ಟ ಕೂಡಲೇ ಮೇಲಿನಿಂದ ಒಂದು, ಪಕ್ಕದಿಂದ ಒಂದು ಫೋಟೊ ತೆಗೆಯಿರಿ; ಫ್ಲ್ಯಾಶ್ ಬೇಡ, ಏಕೆಂದರೆ ಈ ಪ್ರಾಣಿಗೆ ಕಣ್ಣು ಮುಚ್ಚಿಕೊಳ್ಳಲು ರೆಪ್ಪೆಗಳಿಲ್ಲ. ನೀರಿರುವ ಡಬ್ಬಿಯನ್ನು ಮೊದಲು ತೂಗಿ, ಪ್ರಾಣಿಯನ್ನು ಸೇರಿಸಿ ಮತ್ತೆ ತೂಗಿದರೆ ಅದರ ತೂಕ ಸಿಗುತ್ತದೆ. ಇದನ್ನು ವಾರಕ್ಕೊಮ್ಮೆ ಮಾಡಿದರೆ ಸಾಕು. ದಿನವೂ ತೂಗುವುದರಿಂದ ನಿಮ್ಮ ಆತಂಕ ತಗ್ಗಬಹುದು, ಆದರೆ ಪ್ರಾಣಿಯ ಆತಂಕ ಹೆಚ್ಚುತ್ತದೆ.

ಮೇಲಿನಿಂದ ನೋಡಿದಾಗ ಹೊಟ್ಟೆ ಸುಮಾರು ತಲೆಯಷ್ಟೇ ಅಗಲವಿರಬೇಕು. ಹೊಟ್ಟೆ ತಲೆಗಿಂತ ಎದ್ದು ಕಾಣುವಷ್ಟು ಕಿರಿದಾಗಿದ್ದರೆ ಅದು ಸೊರಗಿದೆ. ಬೆನ್ನೆಲುಬಿನ ಗೆರೆ ಅಥವಾ ಸೊಂಟದ ಎಲುಬು ಮೂಡಿ ಕಂಡರೆ ಸ್ಥಿತಿ ಗಂಭೀರವಾಗಿದೆ. ಕಿವಿರುಗಳು ಮುಂದಕ್ಕೆ ಬಾಗಿದ್ದರೆ, ಬಾಲದ ತುದಿ ಕೊಕ್ಕೆಯಂತೆ ಸುರುಳಿಯಾಗಿದ್ದರೆ ಪ್ರಾಣಿ ಒತ್ತಡದಲ್ಲಿದೆ ಎಂದರ್ಥ. ಕಿವಿರಿನ ಕುಚ್ಚುಗಳು ಉದುರಿ ಕಡ್ಡಿಯಂತಾಗಿರುವುದು ಕೆಟ್ಟ ನೀರಿನಲ್ಲಿ ಬಹಳ ದಿನ ಬದುಕಿದ್ದರ ಗುರುತು. ಇದನ್ನು ಕಂಡು ಹಲವರು ಕಂಗೆಡುತ್ತಾರೆ, ಆದರೆ ತಂಪಾದ ಶುದ್ಧ ನೀರಿನಲ್ಲಿ ಕುಚ್ಚುಗಳು ವಾರಗಳ ಅವಧಿಯಲ್ಲಿ ಮತ್ತೆ ಬೆಳೆಯುತ್ತವೆ, ತುಂಡಾದ ಬೆರಳು ಮತ್ತು ಕಾಲು ಕೂಡ. ಕಳೆದುಕೊಂಡ ಕಾಲಿಗಿಂತ ಕೆಂಪಗಾದ ಚರ್ಮದ ಬಗ್ಗೆ ಹೆಚ್ಚು ಚಿಂತಿಸಬೇಕು: ಕಾಲುಗಳಲ್ಲಿ ಅಥವಾ ಹೊಟ್ಟೆಯಡಿ ರಕ್ತ ಚಿಮ್ಮಿದಂತಹ ಕೆಂಪು ಕಂಡರೆ ಅಮೋನಿಯದ ಸುಟ್ಟಗಾಯವೋ ಬ್ಯಾಕ್ಟೀರಿಯಾ ಸೋಂಕೋ ಇರಬಹುದು. ಎರಡನ್ನೂ ಕಣ್ಣಳತೆಯಲ್ಲಿ ಬೇರ್ಪಡಿಸುವುದು ಸುಲಭವಲ್ಲದ ಕಾರಣ ವೈದ್ಯರಿಗೆ ತೋರಿಸುವುದೇ ಸರಿ.

ಕಿವಿರಿನ ಬಣ್ಣವನ್ನು ಒಮ್ಮೆ ನೋಡಿ ತೀರ್ಮಾನಿಸಬೇಡಿ. ಸುಮ್ಮನೆ ಮಲಗಿದಾಗ ಅದು ತೆಳುವಾಗುವುದು, ಓಡಾಡಿದಾಗ ಕೆಂಪೇರುವುದು ಸಹಜ. ದಿನಗಟ್ಟಲೆ ಬಿಳಿಚಿಕೊಂಡೇ ಇದ್ದರೆ ಬರೆದಿಟ್ಟುಕೊಳ್ಳಿ.

ಹಂತ 4: ತಾಪಮಾನ ಮತ್ತು ದಿನದ ನೀರು

ಆಕ್ಸೊಲಾಟಲ್‌ಗೆ ಹಿತವಾದದ್ದು 16ರಿಂದ 18 ಡಿಗ್ರಿ ಸೆಲ್ಸಿಯಸ್. 20 ಡಿಗ್ರಿಯವರೆಗೆ ತಾಳಿಕೊಳ್ಳುತ್ತದೆ; 22 ಡಿಗ್ರಿ ದಾಟಿ ಹಾಗೆಯೇ ಮುಂದುವರಿದರೆ ಹಸಿವು ಕುಂದುತ್ತದೆ, ಬೂಷ್ಟು ಹತ್ತುತ್ತದೆ, ನೀರಿನಲ್ಲಿ ಕರಗಿರುವ ಆಮ್ಲಜನಕವೂ ಕಡಿಮೆಯಾಗುತ್ತದೆ. ರಕ್ಷಿಸಿ ತಂದ ಪ್ರಾಣಿ ತಿನ್ನುತ್ತಿಲ್ಲವೆಂದು ಸಲಹೆ ಕೇಳುವವರಿಗೆ ನಾನು ಮೊದಲು ಕೇಳುವುದು ಥರ್ಮಾಮೀಟರ್ ಎಷ್ಟು ತೋರಿಸುತ್ತಿದೆ ಎಂಬುದನ್ನೇ. ಕೈ ಅದ್ದಿದಾಗ ತಂಪೆನಿಸುತ್ತದೆ ಎಂಬುದು ಉತ್ತರವಾಗಲಾರದು; ನಮ್ಮ ಚರ್ಮಕ್ಕೆ 25 ಡಿಗ್ರಿಯ ನೀರೂ ತಂಪೆನಿಸುತ್ತದೆ.

ನೀರಿನ ಮೇಲ್ಮೈಗೆ ತಾಗುವಂತೆ ಸಣ್ಣ ಫ್ಯಾನ್ ಇಟ್ಟರೆ ಆವಿಯಾಗುವಿಕೆಯಿಂದ ತಾಪಮಾನ ಕೆಲವು ಡಿಗ್ರಿ ಇಳಿಯುತ್ತದೆ, ಗಾಳಿಯಲ್ಲಿ ತೇವ ಹೆಚ್ಚಿರುವಾಗ ಇಳಿಕೆ ಕಡಿಮೆ. ಅಷ್ಟು ಸಾಲದಿದ್ದರೆ ಟಬ್ಬನ್ನು ಇನ್ನೊಂದು ದೊಡ್ಡ ಪಾತ್ರೆಯಲ್ಲಿಟ್ಟು, ಹೊರಪಾತ್ರೆಯ ನೀರಿಗೆ ಹೆಪ್ಪುಗಟ್ಟಿಸಿದ ನೀರಿನ ಬಾಟಲಿಗಳನ್ನು ಹಾಕಬಹುದು. ಬಾಟಲಿಯನ್ನು ಟಬ್ಬಿನೊಳಗೇ ಹಾಕಿದರೆ ತಾಪಮಾನ ಧಡಕ್ಕನೆ ಇಳಿದು ಬಾಟಲಿ ಕರಗಿದ ಮೇಲೆ ಮತ್ತೆ ಏರುತ್ತದೆ. ಈ ಏರಿಳಿತ ಸ್ಥಿರವಾದ 20 ಡಿಗ್ರಿಗಿಂತ ಕೆಟ್ಟದ್ದು. ದೀರ್ಘಕಾಲಕ್ಕೆ ಬಿಸಿ ಪ್ರದೇಶದಲ್ಲಿ ನೀರು ತಂಪಾಗಿಸುವ ಚಿಲ್ಲರ್ ಯಂತ್ರವಿಲ್ಲದೆ ಈ ಪ್ರಾಣಿಯನ್ನು ಸಾಕುವುದು ಕಷ್ಟ. ಇದನ್ನು ಮುಚ್ಚುಮರೆಯಿಲ್ಲದೆ ಹೇಳುವುದೇ ಒಳ್ಳೆಯದು.

ನೀರು ಬದಲಿಸುವ ಕ್ರಮ ಹೀಗಿರಲಿ. ಎರಡನೆಯ ಟಬ್ಬಿಗೆ ಕ್ಲೋರಿನ್ ನಿವಾರಿಸಿದ ನೀರು ತುಂಬಿ, ಮೊದಲ ಟಬ್ ಇರುವ ಜಾಗದಲ್ಲೇ ಇಟ್ಟು, ಎರಡರ ತಾಪಮಾನವೂ ಒಂದಾಗುವವರೆಗೆ ಕಾಯಿರಿ. ಪ್ರಾಣಿಯನ್ನು ಡಬ್ಬಿಯಲ್ಲಿ ಎತ್ತಿ ಅದಕ್ಕೆ ವರ್ಗಾಯಿಸಿ. ಖಾಲಿಯಾದ ಟಬ್ಬನ್ನು ಸೋಪಿಲ್ಲದೆ ತಿಕ್ಕಿ ತೊಳೆದು ಒಣಗಿಸಿ. 24 ಗಂಟೆಗೊಮ್ಮೆ ಇದು ನಡೆಯಲೇಬೇಕು. ಮಲ ಅಥವಾ ಆಹಾರದ ಚೂರು ಕಂಡರೆ ಪಿಪೆಟ್‌ನಿಂದ ಆಗಲೇ ತೆಗೆಯಬೇಕು. ಬದಲಿಸುವ ಮುನ್ನ ಹಳೆಯ ನೀರಿನ ಅಮೋನಿಯ ಅಳೆಯಿರಿ. ಒಂದೇ ದಿನದಲ್ಲಿ ಅದು ಗಣನೀಯವಾಗಿ ಏರುತ್ತಿದ್ದರೆ ಟಬ್ ಚಿಕ್ಕದಾಯಿತು ಅಥವಾ ಬದಲಾವಣೆ ದಿನಕ್ಕೆ ಎರಡು ಬಾರಿ ಆಗಬೇಕು.

ಹಂತ 5: ಒಂದೆರಡು ದಿನ ಆಹಾರವಿಲ್ಲದ ವಿಶ್ರಾಂತಿ

ಮೊದಲ 24ರಿಂದ 48 ಗಂಟೆ ಏನನ್ನೂ ಕೊಡಬೇಡಿ. ಟಬ್ಬಿನ ಮೇಲೆ ಬಟ್ಟೆ ಹೊದಿಸಿ, ಬೆಳಕು ಮತ್ತು ಓಡಾಟದ ಸದ್ದಿನಿಂದ ದೂರವಿಡಿ. ಕಿವಿರುಗಳು ಹಿಂದಕ್ಕೆ ಸಡಿಲವಾಗಿ ನಿಂತು, ಬಾಲ ನೇರವಾಗಿ, ಪ್ರಾಣಿ ನಿಧಾನವಾಗಿ ತಳದಲ್ಲಿ ನಡೆಯತೊಡಗಿದರೆ ಮುಂದಿನ ಹಂತಕ್ಕೆ ಹೋಗಬಹುದು. ತೀವ್ರವಾಗಿ ಸೊರಗಿದ್ದರೆ ಈ ಅವಧಿ ಎಷ್ಟಿರಬೇಕೆಂದು ವೈದ್ಯರೇ ಹೇಳಲಿ.

ಹಂತ 6: ಮೊದಲ ತುತ್ತು

ಬೆಳೆದ ಆಕ್ಸೊಲಾಟಲ್‌ಗೆ ಎರೆಹುಳುವಿಗಿಂತ ಉತ್ತಮವಾದ ಆಹಾರವಿಲ್ಲ. ಕೀಟನಾಶಕ, ರಸಗೊಬ್ಬರ ಬೀಳದ ಮಣ್ಣಿನ ಹುಳುಗಳನ್ನೇ ಆರಿಸಿ, ಕ್ಲೋರಿನ್ ನಿವಾರಿಸಿದ ನೀರಿನಲ್ಲಿ ಚೆನ್ನಾಗಿ ತೊಳೆದು ಕೊಡಬೇಕು. ಗೊಬ್ಬರದ ಗುಂಡಿಗಳಲ್ಲಿ ಸಾಕುವ ಸಣ್ಣ ಕೆಂಪು ಎರೆಹುಳುಗಳು ಹೆದರಿದಾಗ ಕಹಿಯಾದ ಹಳದಿ ದ್ರವವನ್ನು ಸ್ರವಿಸುತ್ತವೆ. ಅನೇಕ ಆಕ್ಸೊಲಾಟಲ್‌ಗಳು ಅವನ್ನು ಬಾಯಿಗೆ ಹಾಕಿಕೊಂಡು ತಕ್ಷಣ ಉಗುಳುತ್ತವೆ. ಬೇರೆ ಹುಳು ಸಿಗದಿದ್ದರೆ ಇವನ್ನು ಕುದಿನೀರಿನಲ್ಲಿ ಕೆಲವು ಸೆಕೆಂಡು ಅದ್ದಿ, ತಣ್ಣೀರಿನಲ್ಲಿ ತೊಳೆದು ಕೊಟ್ಟರೆ ಕಹಿ ತಗ್ಗುತ್ತದೆ. ಹೀಗೆ ಉಗುಳಿದ್ದನ್ನು ನೋಡಿ ಪ್ರಾಣಿಗೆ ಹಸಿವೇ ಇಲ್ಲವೆಂದು ತಿಳಿಯಬೇಡಿ. ಬಾಯಿ ಹಾಕಿತೆಂಬುದೇ ಹಸಿವಿದೆ ಎಂಬುದಕ್ಕೆ ಸಾಕ್ಷಿ.

ಮೊದಲ ಬಾರಿ ಸುಮಾರು 2 ಸೆಂಟಿಮೀಟರ್ ಉದ್ದದ ಒಂದೇ ತುಂಡು ಸಾಕು, ಅದು ಪ್ರಾಣಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದಪ್ಪವಿರಬಾರದು. ಬಹಳ ದಿನ ಬರಿದಾಗಿದ್ದ ಹೊಟ್ಟೆಗೆ ಇಡೀ ಹುಳುವನ್ನು ತುಂಬಿಸಿದರೆ ಅದು ಅರೆ ಜೀರ್ಣವಾಗಿ ಹೊರಬರುವುದೇ ಹೆಚ್ಚು.

ಕೊಡುವ ರೀತಿಯನ್ನೂ ಸರಿಯಾಗಿ ತಿಳಿದುಕೊಳ್ಳಬೇಕು. ಆಕ್ಸೊಲಾಟಲ್‌ನ ದೃಷ್ಟಿ ಮಂದ. ವಾಸನೆಯಿಂದಲೂ ನೀರಿನ ಅಲುಗಾಟದಿಂದಲೂ ಅದು ಬೇಟೆಯನ್ನು ಗುರುತಿಸಿ, ಬಾಯಿಯನ್ನು ಥಟ್ಟನೆ ತೆರೆದು ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ. ಸಂಜೆ ಬೆಳಕು ಮಂದವಾದ ಮೇಲೆ ಹುಳುವಿನ ತುಂಡನ್ನು ಚಿಮಟದಲ್ಲಿ ಹಿಡಿದು, ತಳದ ಮಟ್ಟದಲ್ಲೇ ಪಕ್ಕದಿಂದ ತಂದು, ಮೂತಿಯ ಮುಂದೆ ಒಂದೆರಡು ಸೆಂಟಿಮೀಟರ್ ದೂರದಲ್ಲಿ ಮೆಲ್ಲಗೆ ಅಲುಗಿಸಿ. ಮೇಲಿನಿಂದ ನೇರವಾಗಿ ಇಳಿಸಿದರೆ ಅದು ಹೆದರಿ ಓಡುತ್ತದೆ. ಪ್ರತಿಕ್ರಿಯೆ ಇಲ್ಲದಿದ್ದರೆ ತುಟಿಯ ಅಂಚಿಗೆ ಒಮ್ಮೆ ಸೋಕಿಸಿ, ಹಿಂದೆಗೆದು, ಅರ್ಧ ನಿಮಿಷ ಸುಮ್ಮನಿರಿ. ಕಿವಿರಿಗೆ ತಾಗಿಸಬೇಡಿ. ಮೂರ್ನಾಲ್ಕು ಸಲ ಹೀಗೆ ಮಾಡಿದ ಮೇಲೂ ಅದು ಮುಖ ತಿರುಗಿಸಿದರೆ ತುಂಡನ್ನು ತೆಗೆದುಬಿಡಿ, ಮರುದಿನ ಅದೇ ಹೊತ್ತಿಗೆ ಮತ್ತೆ ನೋಡಿ. ಗಂಟೆಗಟ್ಟಲೆ ಮೂತಿಯ ಮುಂದೆ ಚಿಮಟ ಆಡಿಸುವವರಿದ್ದಾರೆ. ಇದರಿಂದ ಪ್ರಾಣಿ ಕಲಿಯುವುದು ಚಿಮಟ ಕಂಡರೆ ಓಡುವುದನ್ನು ಮಾತ್ರ.

ಎರೆಹುಳುವಿಗೆ ಒಲಿಯದಿದ್ದರೆ ನೊಣಜಾತಿಯ ಕೀಟದ ಕೆಂಪು ಮರಿಹುಳುವಾದ, ಹೆಪ್ಪುಗಟ್ಟಿಸಿದ ಬ್ಲಡ್‌ವರ್ಮ್ ಉಪಯೋಗಕ್ಕೆ ಬರುತ್ತದೆ. ಅದನ್ನು ನೀರಿನಲ್ಲಿ ಕರಗಿಸಿ ಪಿಪೆಟ್‌ನಿಂದ ಮೂತಿಯ ಬಳಿ ಸ್ವಲ್ಪವೇ ಬಿಡಿ. ಬೆಳೆದ ಪ್ರಾಣಿಯ ಮುಖ್ಯ ಆಹಾರವಾಗುವಷ್ಟು ಪೋಷಣೆ ಅದರಲ್ಲಿಲ್ಲ, ಆದರೆ ವಾಸನೆ ಬಲವಾಗಿರುವುದರಿಂದ ಹಸಿವು ಕೆರಳುತ್ತದೆ. ಕರಗಿದ ಆ ಕೆಂಪು ನೀರಿನಲ್ಲಿ ಎರೆಹುಳುವಿನ ತುಂಡನ್ನು ಅದ್ದಿ ಕೊಡುವುದು ಇನ್ನೂ ಒಳ್ಳೆಯ ಉಪಾಯ. ಹಿಂದಿನ ಮನೆಯಲ್ಲಿ ಗುಳಿಗೆಯ ಆಹಾರ ತಿನ್ನುತ್ತಿದ್ದರೆ ಮುಳುಗುವ ಮೆತ್ತನೆಯ ಗುಳಿಗೆಗಳಿಂದಲೇ ಆರಂಭಿಸಿ, ಹುಳುವಿನ ಅಭ್ಯಾಸವನ್ನು ಆಮೇಲೆ ಮಾಡಿಸಬಹುದು. ಸಣ್ಣ ಮರಿಗಳಿಗೆ ಸಿಗಡಿ ಬಳಗದ ಪುಟ್ಟ ಜಲಜೀವಿಗಳಾದ ಡ್ಯಾಫ್ನಿಯ ಅಥವಾ ಆಗತಾನೆ ಮೊಟ್ಟೆಯೊಡೆದ ಆರ್ಟೀಮಿಯದಂತಹ ಜೀವಂತ, ಚಲಿಸುವ ಆಹಾರವೇ ಬೇಕು.

ಕೋಳಿ, ಕುರಿ ಮುಂತಾದ ಮಾಂಸ ಬೇಡ. ಜೀರುಂಡೆಯ ಮರಿಹುಳುವಾದ, ಗಟ್ಟಿ ಹೊದಿಕೆಯ ಮೀಲ್‌ವರ್ಮ್ ಜೀರ್ಣವಾಗದು. ಅಂಗಡಿಯ ಸಣ್ಣ ಮೀನುಗಳು ಪರಾವಲಂಬಿಗಳನ್ನು ತರುತ್ತವೆ, ಕಿವಿರನ್ನು ಕಚ್ಚಿ ತಿನ್ನುತ್ತವೆ.

ತಿಂದ ಮೇಲೆ 24 ಗಂಟೆ ಗಮನಿಸಿ. ವಾಂತಿ ಮಾಡದಿದ್ದರೆ ಮರುದಿನ ಅಷ್ಟೇ ಗಾತ್ರದ ಇನ್ನೊಂದು ತುಂಡು. ಸೊರಗಿದ ಪ್ರಾಣಿಗೆ ದಿನವೂ ಸ್ವಲ್ಪ ಸ್ವಲ್ಪ ಕೊಡುತ್ತ, ವಾರದ ತೂಕ ಏರುತ್ತಿದೆಯೇ ಎಂದು ನೋಡಿ ಪ್ರಮಾಣ ಹೆಚ್ಚಿಸಬೇಕು. ತಂಪು ನೀರಿನಲ್ಲಿ ಜೀರ್ಣಕ್ರಿಯೆ ನಿಧಾನವಾದುದರಿಂದ ಮೊದಲ ಮಲ ಕೆಲವು ದಿನ ತಡವಾಗಿ ಬಂದರೆ ಗಾಬರಿಪಡಬೇಕಿಲ್ಲ. ಅದು ಬಂದಾಗ ಒಂದು ಮಾದರಿಯನ್ನು ಶುದ್ಧ ಡಬ್ಬಿಯಲ್ಲಿ ಹಿಡಿದು ಪರಾವಲಂಬಿಗಳ ಪರೀಕ್ಷೆಗೆ ವೈದ್ಯರಿಗೆ ಕೊಡಿ. ರಕ್ಷಿಸಿ ತಂದ ಪ್ರಾಣಿಗಳಲ್ಲಿ ಈ ಪರೀಕ್ಷೆಯನ್ನು ಬಿಡಬಾರದು.

ಹಂತ 7: ಆದರೂ ತಿನ್ನದಿದ್ದರೆ

ಮೊದಲು ತಾಪಮಾನ ಮತ್ತು ಅಮೋನಿಯವನ್ನು ಮತ್ತೊಮ್ಮೆ ಅಳೆಯಿರಿ. ಎರಡೂ ಸರಿಯಿದ್ದರೆ ಕಲ್ಲು ನುಂಗಿರುವ ಸಾಧ್ಯತೆಯತ್ತ ಗಮನ ಹರಿಸಿ: ಹೊಟ್ಟೆ ಒಂದೆಡೆ ಉಬ್ಬಿ, ಮಲ ಬರದೆ, ಹಿಂಭಾಗ ಮೇಲೆದ್ದು ತೇಲುತ್ತಿದ್ದರೆ ಕ್ಷಕಿರಣ ಪರೀಕ್ಷೆ ಮಾಡಿಸಬೇಕು, ಅದರಲ್ಲಿ ಕಲ್ಲುಗಳು ಸ್ಪಷ್ಟವಾಗಿ ಕಾಣುತ್ತವೆ. ಸಣ್ಣ ಕಲ್ಲುಗಳು ಕೆಲವೊಮ್ಮೆ ತಾವಾಗಿಯೇ ಹೊರಬರುತ್ತವೆ. ಆದ್ದರಿಂದ ಟಬ್ಬಿನ ತಳವನ್ನು ದಿನವೂ ನೋಡುವುದು ಒಳ್ಳೆಯದು.

ಗಾಳಿ ನುಂಗಿ ಸ್ವಲ್ಪ ಹೊತ್ತು ತೇಲಿ, ತಾನೇ ಕೆಳಗಿಳಿಯುವುದು ರೋಗವಲ್ಲ. ಇಳಿಯಲು ಒದ್ದಾಡಿ ಸೋಲುತ್ತಿದ್ದರೆ ಕಾಲುಗಳು ತಳಕ್ಕೆ ತಾಗುವಷ್ಟಕ್ಕೆ ನೀರಿನ ಮಟ್ಟ ಇಳಿಸಿ, ಬೆನ್ನು ಮಾತ್ರ ಒಣಗದಿರಲಿ.

ಫ್ರಿಜ್ಜಿನಲ್ಲಿಡುವ ಸಲಹೆ ಎಲ್ಲೆಡೆ ಓಡಾಡುತ್ತದೆ. ಮಲಬದ್ಧತೆಗೆ ಅದನ್ನು ಬಳಸುವವರಿದ್ದಾರಾದರೂ, ಅಷ್ಟು ಚಳಿಯಲ್ಲಿ ಜೀರ್ಣಕ್ರಿಯೆಯೂ ರೋಗನಿರೋಧಕ ಶಕ್ತಿಯೂ ಮಂದವಾಗುವುದರಿಂದ, ಸೊರಗಿದ ಪ್ರಾಣಿಯ ಮೇಲೆ ವೈದ್ಯರ ಮಾತಿಲ್ಲದೆ ಇದನ್ನು ಪ್ರಯೋಗಿಸುವುದು ನನಗೆ ಒಪ್ಪಿಗೆಯಿಲ್ಲ. ಬಾಯಿ ಬಿಡಿಸಿ ತುರುಕುವುದಂತೂ ಕೂಡದು. ದವಡೆಗೆ ಪೆಟ್ಟಾಗುತ್ತದೆ. ನಳಿಕೆಯಿಂದ ಉಣಿಸಬೇಕಾದ ಸ್ಥಿತಿ ಬಂದರೆ ಅದು ವೈದ್ಯರ ಕೆಲಸ.

ಹಂತ 8: ಬೂಷ್ಟು, ಗಾಯ ಮತ್ತು ಔಷಧಗಳು

ಕಿವಿರಿನ ಮೇಲೆ ಅಥವಾ ಗಾಯದ ಜಾಗದಲ್ಲಿ ಹತ್ತಿಯಂತಹ ಬಿಳಿ ಎಳೆಗಳು ಕಂಡರೆ ಅದು ಬೂಷ್ಟು. ಅಲ್ಪ ಪ್ರಮಾಣದಲ್ಲಿದ್ದರೆ ತಂಪು ನೀರು ಮತ್ತು ತಪ್ಪದ ನೀರು ಬದಲಾವಣೆಯಿಂದಲೇ ಹಲವು ಬಾರಿ ಹಿಮ್ಮೆಟ್ಟುತ್ತದೆ. ಒಣಗಿದ ಕಾಡುಬಾದಾಮಿ ಎಲೆಯನ್ನು ತೊಳೆದು ನೀರು ತಿಳಿಗಂದು ಬಣ್ಣಕ್ಕೆ ತಿರುಗುವಷ್ಟು ಹೊತ್ತು ನೆನೆಸಿದರೆ ಅದರ ಟ್ಯಾನಿನ್ ಅಲ್ಪಸ್ವಲ್ಪ ನೆರವಾಗುತ್ತದೆ. ಎಳೆಗಳನ್ನು ಕಿತ್ತು ತೆಗೆಯಬೇಡಿ.

ಉಪ್ಪುನೀರಿನ ಸ್ನಾನ ಹಳೆಯ ಪದ್ಧತಿ. ಆದರೆ ಅದು ಚರ್ಮದ ಲೋಳೆಯನ್ನೂ ಕಿವಿರನ್ನೂ ಉರಿಸುತ್ತದೆ, ಮೊದಲೇ ಸುಟ್ಟ ಚರ್ಮವಿರುವ ಪ್ರಾಣಿಗೆ ಇನ್ನೂ ಹೆಚ್ಚು. ಪ್ರಮಾಣ ಮತ್ತು ಅವಧಿಯನ್ನು ವೈದ್ಯರು ಹೇಳಿದರೆ ಮಾತ್ರ ಮಾಡಿ. ಮೀನಿನ ಔಷಧಗಳನ್ನು ಮೀನಿನ ಪ್ರಮಾಣದಲ್ಲೇ ಸುರಿಯುವುದು ಮಾರಕವಾಗಬಹುದು, ಏಕೆಂದರೆ ಉಭಯಚರದ ಚರ್ಮ ಅವನ್ನು ನೇರವಾಗಿ ಹೀರಿಕೊಳ್ಳುತ್ತದೆ. ತಾಮ್ರ ಅಥವಾ ಮಲಕೈಟ್ ಗ್ರೀನ್ ಇರುವವನ್ನು ಹತ್ತಿರಕ್ಕೂ ತರಬೇಡಿ.

ಕೂಡಲೇ ವೈದ್ಯರಲ್ಲಿಗೆ ಒಯ್ಯಬೇಕಾದ ಸಂದರ್ಭಗಳಿವು: ಚರ್ಮದಲ್ಲಿ ಹರಡುತ್ತಿರುವ ಕೆಂಪು, ಮೈಯೆಲ್ಲ ನೀರು ತುಂಬಿದಂತೆ ಊದಿಕೊಳ್ಳುವುದು, ತಿಂದದ್ದೆಲ್ಲ ಮತ್ತೆ ಮತ್ತೆ ವಾಂತಿಯಾಗುವುದು, ಮುಟ್ಟಿದರೂ ಸರಿಯದಷ್ಟು ನಿತ್ರಾಣ, ಮತ್ತು ನೀರು, ತಾಪಮಾನ ಎರಡೂ ಸರಿಯಿದ್ದು ಎರಡು ವಾರ ಕಳೆದರೂ ಒಂದು ತುತ್ತೂ ಇಳಿಯದಿರುವುದು.

ಹಂತ 9: ತೊಟ್ಟಿಗೆ ವರ್ಗಾವಣೆ

ಟಬ್ಬಿನ ಆರೈಕೆ ನಡೆಯುತ್ತಿರುವಾಗಲೇ ಪಕ್ಕದಲ್ಲಿ ತೊಟ್ಟಿಯನ್ನು ಪ್ರಾಣಿಯಿಲ್ಲದೆ ಸಿದ್ಧಗೊಳಿಸುತ್ತಿರಬೇಕು. ಒಂದು ಬೆಳೆದ ಆಕ್ಸೊಲಾಟಲ್‌ಗೆ ಕನಿಷ್ಠ 75 ಲೀಟರ್, ಸಾಧ್ಯವಾದರೆ 110 ಲೀಟರಿಗೂ ಹೆಚ್ಚು ನೀರು ಹಿಡಿಯುವ, ಎತ್ತರಕ್ಕಿಂತ ಉದ್ದ ಹೆಚ್ಚಿರುವ ತೊಟ್ಟಿ ಬೇಕು. ಫಿಲ್ಟರಿನಲ್ಲಿ ಬ್ಯಾಕ್ಟೀರಿಯಾ ನೆಲೆಗೊಂಡಿದೆಯೇ ಎಂದು ತಿಳಿಯಲು ಲೀಟರಿಗೆ 2 ಮಿಲಿಗ್ರಾಂ ಆಗುವಷ್ಟು ಅಮೋನಿಯ ಹಾಕಿದರೆ 24 ಗಂಟೆಯೊಳಗೆ ಅಮೋನಿಯವೂ ನೈಟ್ರೈಟೂ ಸೊನ್ನೆಗಿಳಿಯಬೇಕು. ಆಗ ಮಾತ್ರ ತೊಟ್ಟಿ ಸಿದ್ಧವಾಯಿತೆಂದು ಅರ್ಥ. ಅನಂತರ ನೀರು ಬದಲಿಸಿ ನೈಟ್ರೇಟನ್ನು ಲೀಟರಿಗೆ 20 ಮಿಲಿಗ್ರಾಂಗಿಂತ ಕೆಳಗೆ ತನ್ನಿ. ಫಿಲ್ಟರಿನ ಸೆಳೆತ ಮಂದವಾಗಿರಲಿ. ಹರಿವು ಜೋರಾಗಿದ್ದರೆ ಕಿವಿರುಗಳು ಮತ್ತೆ ಮುಂದಕ್ಕೆ ಬಾಗುತ್ತವೆ, ಊಟ ಮತ್ತೆ ನಿಲ್ಲುತ್ತದೆ.

ಮನೆಯಲ್ಲಿ ಬೇರೆ ಆಕ್ಸೊಲಾಟಲ್‌ಗಳಿದ್ದರೆ ಹೊಸದನ್ನು ಕನಿಷ್ಠ 30 ದಿನ ಬೇರೆಯೇ ಇಟ್ಟು, ಮಲಪರೀಕ್ಷೆ ಶುದ್ಧವೆಂದು ಬಂದ ಮೇಲಷ್ಟೇ ಮುಂದಿನ ಯೋಚನೆ ಮಾಡಿ. ಅಲ್ಲಿಯವರೆಗೆ ಎರಡು ಕಡೆಗೂ ಒಂದೇ ಚಿಮಟ, ಪಿಪೆಟ್ ಬಳಸಬಾರದು. ಹೊಟ್ಟೆಯ ಅಗಲ ತಲೆಯಷ್ಟಾಗಿ, ಕೆಲವು ವಾರ ತಪ್ಪದೆ ತಿಂದು, ಬೂಷ್ಟು ಮರುಕಳಿಸದಿದ್ದಾಗ ತೊಟ್ಟಿಗೆ ಬಿಡಬಹುದು. ಜಾಗ ಬದಲಾದ ಕಾರಣ ಅಲ್ಲಿ ಮತ್ತೆ ಒಂದೆರಡು ದಿನ ತಿನ್ನದೆ ಇರಬಹುದು, ಆಗ ಹುಳು ಸುರಿಯದೆ ಐದನೆಯ ಹಂತದಂತೆ ಸುಮ್ಮನೆ ಬಿಡಿ. ಊಟ ಮತ್ತೆ ಶುರುವಾದ ಮೇಲೆ ಬೆಳೆದ ಪ್ರಾಣಿಗೆ ಎರಡು ಮೂರು ದಿನಕ್ಕೊಮ್ಮೆ ಎರೆಹುಳು ಸಾಕಾಗುತ್ತದೆ.